ಆಣೆ ಮಾಡದವಳ ಬಾಯಿ

ನಮ್ಮ ಕಡೆ ಶ್ರಾವಣ ಮುಗಿಯುವ ಹೊತ್ತಿಗೆ ಮಠದ ಸ್ವಾಮಿಗಳು, ನಮ್ಮ ಅಜ್ಜಾರು, ಜೋಳಿಗೆ ಹಿಡಿದು ಓಣಿ ಓಣಿ ತಿರುಗುತ್ತಿದ್ದರು. ಜೋಳ ಬೇಡಲಿಕ್ಕಲ್ಲ, ಚಟ ಬೇಡಲಿಕ್ಕೆ. ಬೀಡಿ ಸೇದುವವನು ಬೀಡಿಕಟ್ಟು ಹಾಕಬೇಕು, ಇಸ್ಪೀಟು ಆಡುವವನು ಎಲೆ ಹಾಕಬೇಕು, ತಂಬಾಕು ತಿನ್ನುವವರು ತಂಬಾಕಿನ ಚೀಲ ಹಾಕಬೇಕು. ಹಾಕಿ, ಕೊರಳಲ್ಲಿಯ ಲಿಂಗ ಮುಟ್ಟಿ, ಇನ್ನು ಮುಟ್ಟುವುದಿಲ್ಲ ಎಂದು ಓಣಿಯ ಎದುರಿಗೆ ಆಣೆ ಮಾಡಬೇಕು. ಕೆಟ್ಟ ಪದ್ಧತಿ ಅಂತ ನಾನು ಎಂದೂ ಅಂದವಳಲ್ಲ. ಆ ಜೋಳಿಗೆಯಿಂದ ಉದ್ಧಾರವಾದ ಮನೆಗಳನ್ನು ಕಣ್ಣಾರೆ ಕಂಡಿದ್ದೇನೆ. ಆದರೆ ನಾನು ಆಣೆ ಮಾಡಲಿಲ್ಲ. ಮಾಡುವುದಿಲ್ಲ ಅಂತ ಅಜ್ಜಾರ ಎದುರಿಗೇ ಹೇಳಿದೆ. ಅವತ್ತಿನಿಂದ ಗಂಡನ ಊರು ಮಾದನಹಿಪ್ಪರಗಾದಲ್ಲಿ ಶಾಲೆ ಕಲಿಸುವ ನನಗೆ ಜಿದ್ದಿ ಅಕ್ಕೋರು ಅಂತ ಹೆಸರು ಬಿತ್ತು. ಆ ಹೆಸರಿನ ಬಗ್ಗೆ ನನಗೆ ತಕರಾರಿಲ್ಲ.

ಮೊದಲು ಅವ್ವನ ಸುದ್ದಿ ಹೇಳಬೇಕು. ಇಲ್ಲವೆಂದರೆ ನನ್ನ ಜಿದ್ದು ಬರೀ ಸೊಕ್ಕಿನ ಹಾಗೆ ಕಾಣುತ್ತದೆ.

ನನ್ನ ತವರು ಭೀಮಾ ದಂಡೆಯ ಮಣ್ಣೂರು. ಅವ್ವ ಮಿಶ್ರಿ ಹಚ್ಚುತ್ತಿದ್ದಳು. ತಂಬಾಕನ್ನು ಹಂಚಿನ ಮೇಲೆ ಕರ್ರಗೆ ಹುರಿದು ಕುಟ್ಟಿದ ಪುಡಿಗೆ ಮಿಶ್ರಿ ಅನ್ನುತ್ತಾರೆ. ಅದನ್ನು ಬೆರಳಿನಿಂದ ಹಲ್ಲಿಗೆ, ವಸಡಿಗೆ ತಿಕ್ಕಿಕೊಳ್ಳುವುದು. ಬೆಳಗಿನಲ್ಲಿ ರೊಟ್ಟಿ ಬಡಿಯಲು ಕೂಡುವ ಮೊದಲು ಓಣಿಯ ಹೆಂಗಸರೆಲ್ಲ ಹಿತ್ತಲ ಹೊಸ್ತಿಲಲ್ಲಿ ಕೂತು ಮಿಶ್ರಿ ತಿಕ್ಕುತ್ತ ಮಾತಾಡುತ್ತಿದ್ದರು. ಇಡೀ ದಿನದಲ್ಲಿ ಅವರು ಕೈ ಖಾಲಿ ಬಿಟ್ಟು ಕೂಡುತ್ತಿದ್ದುದು ಅಷ್ಟೇ ಹೊತ್ತು. ಒಂದು ವರ್ಷ ಅಲ್ಲಿಯೂ ಜೋಳಿಗೆ ಬಂತು. ಅವ್ವ ಮಿಶ್ರಿಯ ಡಬ್ಬಿಯನ್ನೇ ಎತ್ತಿ ಹಾಕಿ ಆಣೆ ಮಾಡಿದಳು. ಊರು ಹೊಗಳಿತು, ಅಪ್ಪ ಮೀಸೆ ತಿರುವಿದ.

ಅವ್ವನಿಂದ ಬಿಡಲಿಕ್ಕೆ ಆಗಲಿಲ್ಲ. ಬಣವೆಯ ಹಿಂದೆ ಕದ್ದು ತಿಕ್ಕತೊಡಗಿದಳು, ಮೊದಲಿಗಿಂತ ಹೆಚ್ಚು ತಿಕ್ಕಿದಳು. ಕದ್ದು ಮಾಡುವ ಕೆಲಸ ಯಾವತ್ತೂ ಅವಸರದ್ದು. ಮುಂದೆ ಗಲ್ಲದ ಒಳಗೆ ಹುಣ್ಣಾಯಿತು. ಹಲ್ಲು ಕಡಿಯಿತು ಅಂದಳು, ಉಷ್ಣ ಅಂದಳು. ರೊಟ್ಟಿಯನ್ನು ಹಾಲಿನಲ್ಲಿ ನೆನೆಸಿ ನುಂಗುತ್ತ, ಈ ಸಲ ಜೋಳವೇ ಸರಿ ಇಲ್ಲ ಅಂದಳು. ಬಾಯಲ್ಲಿ ಒಂದು ಬೆರಳು ಕೂಡ ಹೋಗದ ಹಾಗೆ ಆದಾಗ ನಾನೂ ನನ್ನ ತಮ್ಮನೂ ಸೋಲಾಪುರದ ದೊಡ್ಡ ದವಾಖಾನೆಗೆ ಕರೆದುಕೊಂಡು ಹೋದೆವು. ಇಷ್ಟು ದಿನ ಯಾಕೆ ತಡ ಮಾಡಿದಿರಿ ಅಂತ ಅಲ್ಲಿಯ ಡಾಕ್ಟರು ಕೇಳಿದರು. ಅವ್ವ ಎದ್ದು ಹೊರಗೆ ನಡೆದಳು. ಹೊರಗಿನ ಬಾಕಿನ ಮೇಲೆ ಕೂತಾಗ ಅರ್ಧ ತೆರೆದ ಬಾಯಿಂದ ನನಗೆ ಹೇಳಿದಳು: “ಎಲ್ಲಾರ ಮುಂದ ಲಿಂಗ ಮುಟ್ಟೀನಿ. ಮುರದೀನಿ ಅಂತ ಹೆಂಗ ಹೇಳಲೆವ್ವಾ?”

ಆ ವರ್ಷದ ಸುಗ್ಗಿಗೆ ಅವ್ವ ಇರಲಿಲ್ಲ. ಅವಳನ್ನು ಕೊಂದದ್ದು ತಂಬಾಕು, ಖರೇ. ಆದರೆ ತಂಬಾಕಿಗೆ ಅಷ್ಟು ಆರಾಮಾಗಿ ಕೆಲಸ ಮಾಡಲು ಬಿಟ್ಟದ್ದು ನಾಚಿಕೆ. ಇದನ್ನು ನಾನು ಯಾರೆದುರಿಗೆ ಬೇಕಾದರೂ ಹೇಳುತ್ತೇನೆ.

ಇಷ್ಟೆಲ್ಲ ಕಂಡೂ ನೀನು ಹೇಗೆ ತಂಬಾಕು ಹಿಡಿದೆ ಎಂದು ಕೇಳುವವರಿದ್ದಾರೆ. ಕೇಳುವುದು ಸುಲಭ. ಅವ್ವ ಹಾಸಿಗೆ ಹಿಡಿಯುವ ಮೊದಲೇ ನನಗೆ ತಂಬಾಕು ಹತ್ತಿಬಿಟ್ಟಿತ್ತು. ಎಪ್ಪತ್ತರ ದಶಕದಲ್ಲಿ ನನಗೆ ಜೇವರ್ಗಿ ಕಡೆಯ ಒಂದು ಹಳ್ಳಿಯ ಶಾಲೆಯಲ್ಲಿ ನೌಕರಿ ಸಿಕ್ಕಿತು. ಒಂಟಿ ಹೆಣ್ಣುಮಗಳು, ಬಾಡಿಗೆಯ ಖೋಲಿ, ಮೇಲೆ ದವಡೆಹಲ್ಲಿನ ನೋವು. ದವಾಖಾನೆ ಇದ್ದದ್ದು ಜೇವರ್ಗಿಯಲ್ಲಿ, ಬಸ್ಸು ಬಂದರೆ ಬಂತು, ಇಲ್ಲದಿದ್ದರೆ ಇಲ್ಲ. ಮನೆಯೊಡತಿ ಮುದುಕಿ ಅಂಗೈಯಲ್ಲಿ ತಂಬಾಕು ಹಾಕಿ, ಹೆಬ್ಬೆರಳಿನಿಂದ ಸುಣ್ಣ ಸವರಿ ತಿಕ್ಕಿ, ಚಪ್ಪಾಳೆ ಹೊಡೆದು ಧೂಳು ಹಾರಿಸಿ ಕೊಟ್ಟಳು. “ಎಡಗಲ್ಲದಾಗ ಒಂದ್ ಚಿಟಿಕಿ ಇಟಕೋ ಯವ್ವಾ, ನೋವು ಹಾರಿ ಹೋಗ್ತದ,” ಅಂದಳು. ನೋವು ಹಾರಿ ಹೋಯಿತು, ತಂಬಾಕು ಉಳಿಯಿತು. ಅವ್ವ ತೀರಿದ ಮೇಲೆ ಒಂದು ಸಲ ಸಿಟ್ಟಿನಿಂದ ಚೀಲವನ್ನು ಭೀಮೆಗೆ ಒಗೆದು ಬಸ್ಸು ಹತ್ತಿದೆ. ಅಫಜಲಪುರದ ಸ್ಟ್ಯಾಂಡಿನಲ್ಲಿ ಇಳಿಯುವಷ್ಟರಲ್ಲಿ ತಲೆ ಸಿಡಿಯುತ್ತಿತ್ತು, ಮೊದಲು ಹುಡುಕಿದ್ದೇ ಪಾನ್ ಅಂಗಡಿ. ಮರುದಿನ ಅದೇ ಬಾಯಿಂದ ಮಕ್ಕಳಿಗೆ ದುಶ್ಚಟಗಳ ಪಾಠ ಓದಿಸಿದೆ. ನಗಬೇಕೋ ಅಳಬೇಕೋ ತಿಳಿಯಲಿಲ್ಲ, ಹಾಜರಿ ತೆಗೆದುಕೊಂಡೆ.

ಮದುವೆಯಾಗಿ ಮಾದನಹಿಪ್ಪರಗಾಕ್ಕೆ ಬಂದೆ, ವರ್ಗವೂ ಅಲ್ಲಿಗೇ ಆಯಿತು. ಒಕ್ಕಲುತನದ ಮನೆ. ಗಂಡ ಬೀಡಿಯ ಮನುಷ್ಯ. ಪ್ರತಿ ಶ್ರಾವಣದಲ್ಲಿ ಜೋಳಿಗೆಗೆ ಒಂದು ಬೀಡಿಕಟ್ಟು ಹಾಕಿ ಆಣೆ ಮಾಡುತ್ತಿದ್ದರು, ಗಣಪತಿ ಕೂಡುವ ಹೊತ್ತಿಗೆ ಕಟ್ಟೆಯ ಮೇಲೆ ಕೂತು ಹೊಗೆ ಬಿಡುತ್ತಿದ್ದರು. ಯಾರಾದರೂ ಕೇಳಿದರೆ, “ಇಷ್ಟ ದಿನಾ ಬಿಟ್ಟಿದ್ದು ಸಾಲದೇನ್ರಿ?” ಅನ್ನುವರು. ಕೇಳಿದವರೂ ನಗುತ್ತಿದ್ದರು, ಒಂದು ಬೀಡಿ ಇಸಿದುಕೊಳ್ಳುತ್ತಿದ್ದರು. ಗಂಡಸು ಆಣೆ ಮುರಿದರೆ ಅದು ಹರಟೆ. ಹೆಂಗಸು ಮುರಿದರೆ ಅವಳ ತವರಿನ ತನಕ ಸುದ್ದಿ.

ಅತ್ತೆಯದು ಬೇರೆಯೇ ಲೆಕ್ಕ. ಅವರು ಹಿಂದೆ ಮಿಶ್ರಿ ಹಚ್ಚುತ್ತಿದ್ದರಂತೆ. ನಾನು ಆ ಮನೆಗೆ ಬರುವ ಮೊದಲೇ ಒಂದೇ ಮಾತಿಗೆ ಬಿಟ್ಟರಂತೆ. ಓಣಿಯಲ್ಲಿ ಯಾರಿಗೆ ಬುದ್ಧಿ ಹೇಳುವುದಿದ್ದರೂ ಅತ್ತೆಯ ಹೆಸರು ತೆಗೆಯುತ್ತಿದ್ದರು. ಅವರೂ ಆ ಹೆಸರನ್ನು ಜರಿಯಂಚಿನ ಇಳಕಲ್ಲ ಸೀರೆಯ ಹಾಗೆ ಜ್ವಾಕಿಯಿಂದ ಇಟ್ಟುಕೊಂಡಿದ್ದರು. “ನಾ ಬಿಟ್ಟಿಲ್ಲೇನು? ಒಂದ ಮಾತು. ಆತು,” ಅಂತ ನನಗೆ ವಾರಕ್ಕೊಮ್ಮೆಯಾದರೂ ಕೇಳಿಸುತ್ತಿದ್ದರು. ಮಾತಾಡುವಾಗ ಸೆರಗು ಬಾಯಿಗೆ ಅಡ್ಡ ಹಿಡಿಯುತ್ತಿದ್ದರು. ಹಿರಿಯರ ಸಂಕೋಚ ಅಂದುಕೊಂಡಿದ್ದೆ.

ತೊಂಬತ್ತರ ದಶಕ ಆಗತಾನೇ ಶುರುವಾಗಿತ್ತು. ಒಂದು ದಿನ ಎಡಗಲ್ಲದ ಒಳಗೆ ನಾಲಿಗೆಗೆ ಒರಟು ಹತ್ತಿತು. ಅಂಗಳದ ಬಿಸಿಲಿನಲ್ಲಿ ಕನ್ನಡಿ ಹಿಡಿದು ನೋಡಿದೆ. ತಂಬಾಕು ಇಡುವ ಜಾಗದಲ್ಲಿಯೇ ಬಿಳಿ ಕಲೆ, ಕಾದಾರಿದ ಹಾಲಿನ ಮೇಲಿನ ಕೆನೆಯ ಹಾಗೆ ಮುದುರಿಕೊಂಡಿತ್ತು. ಸೋಲಾಪುರದ ಆ ಬಾಕು, ಅವ್ವನ ಅರ್ಧ ತೆರೆದ ಬಾಯಿ ಎದುರಿಗೆ ಬಂದು ನಿಂತವು. ಅಲ್ಲಿಯೇ ನಿಶ್ಚಯ ಮಾಡಿದೆ: ಸತ್ತರೂ ಮುಚ್ಚಿಕೊಂಡು ಸಾಯುವುದಿಲ್ಲ.

ಅವತ್ತೇ ಊಟಕ್ಕೆ ಕೂತಾಗ ಗಟ್ಟಿಯಾಗಿ ಹೇಳಿದೆ. “ನನ್ನ ಬಾಯಾಗ ಬಿಳಿ ಕಲಿ ಬಂದದ. ನಾ ತಂಬಾಕ ತಿಂತೇನಿ, ನಿಮಗೆಲ್ಲಾ ಗೊತ್ತದ. ನಾಳಿಗಿ ಗುಲಬರ್ಗಾಕ್ಕ ತೋರಸಾಕ ಹೊಂಟೇನಿ.”

ಗಂಡ ಕೈಯಲ್ಲಿದ್ದ ತುತ್ತು ಕೆಳಗಿಟ್ಟರು. ಅತ್ತೆ ಬಾಗಿಲ ಕಡೆ ನೋಡಿದರು. “ಸಣ್ಣಗ ಮಾತಾಡ ಬೇ, ಮಗ್ಗಲ ಮನಿಯವರು ಕೇಳ್ಯಾರು!”

“ಕೇಳ್ಲಿ ಬಿಡ್ರಿ ಅತ್ತಿ. ಅವರ ಮನಿಯಾಗೂ ಬಾಯಿ ಅವ,” ಅಂದೆ.

ಗುಲಬರ್ಗಾದ ಹಲ್ಲಿನ ಡಾಕ್ಟರು ಒಂದು ಚೂರು ಚರ್ಮ ತೆಗೆದು ಪರೀಕ್ಷೆಗೆ ಕಳಿಸಿದರು. ಎರಡನೆಯ ಸಲ ಹೋದಾಗ ಹೇಳಿದರು: “ಇದು ಇನ್ನೂ ಕ್ಯಾನ್ಸರ್ ಅಲ್ರಿ. ಆದ್ರ ಆ ದಾರಿ ಹಿಡದದ. ತಂಬಾಕ ಇವತ್ತೇ ಬಿಡ್ರಿ. ಆಗಾಗ ಬಂದು ಬಾಯಿ ತೋರಸ್ರಿ.” ಒಳ್ಳೆಯ ಮನುಷ್ಯ. ಆದರೆ ಇವತ್ತೇ ಬಿಡುವುದು ಹೇಗೆ ಅಂತ ಅವರಿಗೂ ಗೊತ್ತಿರಲಿಲ್ಲ. ಬಿಟ್ಟೆ. ತಲೆ ಹೋಳಾದ ಹಾಗೆ ನೋವು, ನಿದ್ದೆ ಇಲ್ಲ, ಶಾಲೆಯಲ್ಲಿ ಮಕ್ಕಳ ಮೇಲೆ ಹರಿಹಾಯ್ದೆ, ಮನೆಯಲ್ಲಿ ತುಂಬಿದ ಕೊಡ ಎತ್ತಿ ಒಗೆದೆ. ವಾರ ತುಂಬುವ ಮೊದಲೇ ಮತ್ತೆ ತಂಬಾಕು ತಿಕ್ಕಿದೆ. ತಿಕ್ಕಿದ್ದು ಅಂಗಳದಲ್ಲಿ, ಎಲ್ಲರ ಎದುರಿಗೆ. ಅತ್ತೆ ಮುಖ ತಿರುವಿದರು.

ನನ್ನ ತಮ್ಮ ಆಗ ದುಬೈಯಲ್ಲಿ ಪೆಟ್ರೋಲ್ ಟ್ಯಾಂಕರ್ ಓಡಿಸುತ್ತಿದ್ದ. ರಜೆಯ ಮೇಲೆ ಬಂದವನು ನನ್ನ ಸ್ಥಿತಿ ಕೇಳಿ, ಮರುದಿನವೇ ಬಸ್ಸು ಹತ್ತಿ ಬಂದು, ಚೀಲದಿಂದ ಹಾಳೆಯಲ್ಲಿ ಸುತ್ತಿದ ಚೌಕ ಚೌಕ ಬಿಲ್ಲೆಗಳನ್ನು ತೆಗೆದ. “ಯಕ್ಕಾ, ಟ್ಯಾಂಕರ್ ಮಗ್ಗಲಕ ಬೀಡಿ ಹಚ್ಚಿದ್ರ ನಾನೂ ಇಲ್ಲ, ಟ್ಯಾಂಕರೂ ಇಲ್ಲ. ಅದಕ್ಕ ಕಂಪನಿ ಡಾಕ್ಟರ್ ಇದನ್ನ ಕೊಟ್ಟಾನ. ಚ್ಯೂಯಿಂಗ್ ಗಮ್ ಇದ್ದಂಗ ಅದ, ಒಳಗ ಜರಾ ನಿಕೋಟಿನ್ ಹಾಕ್ಯಾರ. ತಂಬಾಕಿನ ಎಳತ ತಣಸ್ತದ, ತಂಬಾಕ ಇರೂದಿಲ್ಲ. ನಾ ಬೀಡಿ ಬಿಟ್ಟದ್ದು ಇದರಿಂದನ.”

ಗುಲಬರ್ಗಾಕ್ಕೆ ಒಯ್ದು ಡಾಕ್ಟರಿಗೆ ತೋರಿಸಿದೆ. ತಿರುಗಿಸಿ ಮುರುಗಿಸಿ ನೋಡಿದರು. ಓದಿದ್ದೇನೆ, ಕೈಯಲ್ಲಿ ಹಿಡಿದದ್ದು ಇದೇ ಮೊದಲು ಅಂದರು. “ಚಟ ಹಿಡಸೂದು ನಿಕೋಟಿನ್. ಬಾಯಿ ಕೆಡಸೂದು ಬಹಳ ಮಟ್ಟಿಗಿ ತಂಬಾಕಿನ್ಯಾಗಿನ ಉಳದ ವಿಷ. ತಂಬಾಕಿನಕಿಂತ ಇದು ಎಷ್ಟೋ ವಾಸಿ. ಆದ್ರ ಪೆಪ್ಪರಮೆಂಟ್ ಅಂತ ತಿಳೀಬ್ಯಾಡ್ರಿ, ಔಷಧ ಇದು. ಬರಬರತ ಕಡಿಮಿ ಮಾಡ್ರಿ. ಬಸುರಿದ್ದವರಿಗಿ, ಎದಿ ಬ್ಯಾನಿ ಇದ್ದವರಿಗಿ ಕೊಡಬ್ಯಾಡ್ರಿ.”

ಮೊದಲ ದಿನದ ಫಜೀತಿ ಹೇಳಿಬಿಡುತ್ತೇನೆ. ಸ್ವಲ್ಪ ಅಗಿದು, ಚುರುಚುರು ಅಂದ ಕೂಡಲೇ ಗಲ್ಲದಲ್ಲಿ ಇಟ್ಟುಕೋ ಅಂತ ತಮ್ಮ ಹೇಳಿಹೋಗಿದ್ದ. ಗಲ್ಲದಲ್ಲಿ ಇಡುವುದನ್ನು ನನಗೆ ಯಾರೂ ಕಲಿಸಬೇಕಾಗಿರಲಿಲ್ಲ. ಆದರೆ ಇಷ್ಟು ವರ್ಷದ ರೂಢಿ, ಬಿಲ್ಲೆ ಅಂಗೈಗೆ ಬಿದ್ದ ಕೂಡಲೇ ಹೆಬ್ಬೆರಳು ತಾನೇ ಸುಣ್ಣದ ಡಬ್ಬಿಗೆ ಹೋಯಿತು. ಸುಣ್ಣ ಸವರಿ, ಬಿಲ್ಲೆಯನ್ನು ಗಲ್ಲದಲ್ಲಿ ಒತ್ತಿದೆ. ಚಪ್ಪಾಳೆ ಕೂಡ ಹೊಡೆದೆ! ಬಾಯಿಗೆ ಬೆಂಕಿ ಬಿದ್ದ ಹಾಗಾಯಿತು, ತಲೆ ಗಿರ್ರಂತ ತಿರುಗಿತು, ಬಿಕ್ಕಳಿಕೆ ಹತ್ತಿತು. ಹಾಸುಗಲ್ಲಿನ ಮೇಲೆ ಕೂತು ಒಂದೇ ಸಮ ಬಿಕ್ಕಿದೆ. ಗಂಡ ಬೀಡಿ ಹಚ್ಚಿಕೊಂಡು ನೋಡುತ್ತ ನಿಂತರು. “ದುಬೈ ಔಷಧದ ಸಪ್ಪಳ ಆಳಂದದ ತನಾ ಕೇಳಸಾಕತ್ತದ ನೋಡ.” ಅತ್ತೆಗೆ ಅಷ್ಟೇ ಬೇಕಾಗಿತ್ತು. “ಇದು ವಿಷನೇ ಅದ. ಒಂದ ಮಾತಿನ್ಯಾಗ ಹೋಗೂದಕ್ಕ ಈ ನಾಟಕ ಯಾಕ?”

ಬಿಕ್ಕಳಿಕೆಯ ನಡುವೆಯೇ ಸುಣ್ಣದ ಡಬ್ಬಿ ಎತ್ತಿ ತಿಪ್ಪೆಗೆ ಒಗೆದೆ. ಮರುದಿನ ಸುಣ್ಣವಿಲ್ಲದೆ ಇಟ್ಟುಕೊಂಡೆ. ರುಚಿ ಮೆಣಸು ಬೆರೆಸಿದ ರಬ್ಬರಿನ ಹಾಗಿತ್ತು. ಆದರೆ ತಲೆನೋವು ಬರಲಿಲ್ಲ, ಮಕ್ಕಳ ಮೇಲೆ ಕೂಗಲಿಲ್ಲ. ಸಂಜೆಗೆ ತಂಬಾಕಿನ ನೆನಪಾಯಿತು, ಹಸಿವಿನ ಹಾಗೆ ಅಲ್ಲ, ಪರಿಚಯದವರ ನೆನಪಾದ ಹಾಗೆ. ಅಷ್ಟು ಸಾಕಾಗಿತ್ತು ನನಗೆ.

ಬಿಲ್ಲೆಗಳು ಇಲ್ಲಿ ಎಲ್ಲಿಯೂ ಸಿಗುತ್ತಿರಲಿಲ್ಲ. ತಮ್ಮ ಆಳಂದ ಕಡೆಯವರು ಯಾರಾದರೂ ರಜೆಗೆ ಬಂದರೆ ಅವರ ಕೈಯಲ್ಲಿ ಕಳಿಸುತ್ತಿದ್ದ. ಮುಗಿಯುತ್ತ ಬಂದಾಗ ಅಡಿಕೆ ಕತ್ತರಿಸುವ ಅಡಕೊತ್ತಿನಿಂದ ಒಂದನ್ನು ಎರಡು ಮಾಡಿದೆ, ಎರಡನ್ನು ನಾಲ್ಕು ಮಾಡಿದೆ. ನಡುನಡುವೆ ಲವಂಗ, ಹುರಿದ ಅಜವಾನ, ಬಡೇಸೋಪು. ಹಾಗೆಯೇ ಕಡಿಮೆಯಾಗುತ್ತ ಬಂತು. ಜಾರಲೇ ಇಲ್ಲ ಅಂತಲ್ಲ. ಅಫಜಲಪುರದ ಒಂದು ಮದುವೆಯಲ್ಲಿ ಹೆಂಗಸರ ನಡುವೆ ಕೂತಾಗ ಕೈಗೆ ತಂಬಾಕು ಬಂತು, ತಿಂದೆ. ಮನೆಗೆ ಬಂದು ಚಪ್ಪಲಿ ಬಿಡುವ ಮೊದಲೇ ಹೇಳಿದೆ: “ಇವತ್ತ ತಂಬಾಕ ತಿಂದೀನಿ. ನಾಳಿಗಿ ತಿನ್ನೂದಿಲ್ಲ.”

“ಹಿಂಗ ಡಂಗುರಾ ಹೊಡೀತಾರೇನ ಬೇ?” ಅಂದರು ಗಂಡ. “ಮತ್ತ ಒಂದು ಬಿಟ್ಟು ಇನ್ನೊಂದು ಹಿಡದಿ, ಫಾಯ್ದಾ ಏನಾತು?”

“ಇಳಿಜಾರಿನ್ಯಾಗ ತುಂಬಿದ ಬಂಡಿ ಒಮ್ಮಿಗೇ ನಿಂದ್ರಸ್ತೀರೇನ್ರಿ ನೀವು? ಎತ್ತಿನ ಕೊಳ್ಳ ಮುರೀತದ. ನಾನೂ ತಡದು ತಡದು ಇಳಸಾಕತ್ತೇನಿ,” ಅಂದೆ. ಒಕ್ಕಲಿಗನಿಗೆ ಬಂಡಿಯ ಮಾತು ತಿಳಿಯಿತು. ಬೀಡಿ ಮಾತ್ರ ಆರಿಸಲಿಲ್ಲ.

ಆ ಕಾಲಕ್ಕೆ ಗುಟ್ಕಾ ಚೀಟಿಗಳು ತೋರಣದ ಹಾಗೆ ಅಂಗಡಿಗಳಲ್ಲಿ ತೂಗತೊಡಗಿದ್ದವು. ಏಳನೆಯ ಇಯತ್ತೆಯ ಹುಡುಗರ ಜೇಬಿನಲ್ಲೂ ಸಿಕ್ಕವು. ಹೊಡೆಯಲಿಲ್ಲ. ಕಿಟಕಿಯ ಬೆಳಕಿಗೆ ನಿಂತು ಗಲ್ಲ ಎಳೆದು ನನ್ನ ಬಿಳಿ ಕಲೆಯನ್ನು ಸಾಲಾಗಿ ಎಲ್ಲರಿಗೂ ತೋರಿಸಿದೆ. ಅಕ್ಕೋರಿಗೆ ನಾಚಿಕೆ ಇಲ್ಲ ಅಂತ ಊರಲ್ಲಿ ಗುಲ್ಲಾಯಿತು. ಹೆಡ್‌ಮಾಸ್ತರರು ಕರೆದು, ಹೀಗೆಲ್ಲ ಮಾಡಬಾರದಿತ್ತು ಅಂದರು. ಪುಸ್ತಕದಲ್ಲಿ ಚಿತ್ರ ಇಲ್ಲ, ಅದಕ್ಕೇ ತೋರಿಸಿದೆ ಅಂತ ಹೇಳಿ ಹೊರಗೆ ಬಂದೆ.

ಮುಂದಿನ ಸಲದ ತಪಾಸಣೆಗೆ ಹೋದಾಗ ಡಾಕ್ಟರು ಬ್ಯಾಟರಿಯ ಬೆಳಕು ಬಿಟ್ಟು ಬಹಳ ಹೊತ್ತು ನೋಡಿದರು. ಕಲೆ ಸಣ್ಣದಾಗಿದೆ, ಅಂಚು ಮೆತ್ತಗಾಗಿದೆ ಅಂದರು. ಬಸ್ಸಿನಲ್ಲಿ ಬರುವಾಗ ಕಣ್ಣು ತುಂಬಿ ಬಂದವು. ಅವ್ವನಿಗೂ ಯಾರಾದರೂ ಹೀಗೆ ಬ್ಯಾಟರಿ ಬಿಟ್ಟು ನೋಡಿದ್ದರೆ ಅನಿಸಿತು.

ಆ ಶ್ರಾವಣದಲ್ಲಿಯೇ ಅಜ್ಜಾರು ನಮ್ಮ ಬಾಗಿಲಿಗೆ ಬಂದದ್ದು. ಹಿಂದೆಲ್ಲ ಜೋಳಿಗೆ ಬಂದಾಗ ನಾನು ಶಾಲೆಯಲ್ಲಿರುತ್ತಿದ್ದೆ, ಆ ಸಲ ಮನೆಯಲ್ಲಿದ್ದೆ. ಓಣಿಯೆಲ್ಲ ಕೂಡಿತ್ತು. ಗಂಡ ರೂಢಿಯಂತೆ ಬೀಡಿಕಟ್ಟು ಹಾಕಿದರು. ಅತ್ತೆ ಹಿಂದಿನಿಂದ ನನ್ನನ್ನು ಮುಂದೆ ನೂಕಿದರು. “ಯಪ್ಪಾ, ಈಕೀದು ಮುಗಿಯಾಕ ಬಂದದ್ರಿ. ಉಳದ ಆ ರಬ್ಬರೂ ಹಾಕಿಸಕೊಂಡು ಆಣಿ ಮಾಡಸ್ರಿ. ಮನಿ ಮಾನ ಉಳೀತದ.”

ನಾನು ಕೈಮುಗಿದೆ. “ಯಪ್ಪಾ, ತಂಬಾಕ ಹಾಕಾಕ ನನ್ನ ಕಡೆ ತಂಬಾಕ ಇಲ್ರಿ. ಈ ಔಷಧ ಹಾಕೂದಿಲ್ಲ, ಇದು ನನಗ ಇನ್ನೂ ಬೇಕು. ಆಣಿನೂ ಮಾಡೂದಿಲ್ಲ. ನಮ್ಮವ್ವ ಆಣಿ ಮಾಡಿದ್ಲು. ಮುರೀತು. ಮುರದದ್ದು ಹೇಳಾಕ ಅಂಜಿ ಹುಣ್ಣ ಮುಚ್ಚಿಟ್ಲು, ಅದರಾಗ ಸತ್ಲು. ನಾ ಆಣಿ ಮಾಡಿದ್ರ, ಜಾರಿದ ದಿನಾ ನಾನೂ ಮುಚ್ಚಿಡತೇನಿ. ಅದು ಆಗೂದು ಬ್ಯಾಡ್ರಿ. ತಿಂದ್ರ ತಿಂದೀನಿ ಅಂತೇನಿ, ಬಿಟ್ರ ಬಿಟ್ಟೀನಿ ಅಂತೇನಿ. ಬಾಯಿ ಮಾತ್ರ ಮುಚ್ಚೂದಿಲ್ಲ.”

ಅಜ್ಜಾರು ಜೋಳಿಗೆಯ ಬಾಯಿ ಮಡಚಿ ಹೆಗಲಿಗೆ ಹಾಕಿಕೊಂಡರು. “ಆಣಿ ಬ್ಯಾಡವ್ವಾ. ಜೀವ ಉಳಿಸ್ಕೋ,” ಅಂದು ಮುಂದಿನ ಮನೆಗೆ ನಡೆದರು. ಅವರು ದೊಡ್ಡವರು, ಅವರಿಗೆ ತಿಳಿಯಿತು. ತಿಳಿಯದೆ ಇದ್ದದ್ದು ನಮ್ಮ ಮನೆಯವರಿಗೆ. “ಮಂದಿ ಮುಂದ ನನ್ನ ಮಾರಿ ಮಣ್ಣಾಗ ಹಾಕಿದಿ,” ಅಂದ ಅತ್ತೆ ನನ್ನ ಜೊತೆ ಮಾತು ಬಿಟ್ಟರು. ರೊಟ್ಟಿ ಬೇಕಾದರೂ ಮಗನ ಕಡೆ ತಿರುಗಿ ಕೇಳುತ್ತಿದ್ದರು. ನಾನೂ ಬಗ್ಗಲಿಲ್ಲ.

ಹಬ್ಬಗಳು ಕಳೆದ ಮೇಲೆ ಒಂದು ರವಿವಾರ, ಗಂಡ ಹೊಲಕ್ಕೆ ಹೋಗಿದ್ದರು. ನಾನು ಅಂಗಳದಲ್ಲಿ ತೊಗರಿ ಹಸನು ಮಾಡುತ್ತಿದ್ದೆ. ಅತ್ತೆ ಬಂದು ಎದುರಿಗೆ ಕೂತರು. ಮೊರದಿಂದ ನಾಲ್ಕು ಹರಳು ಆರಿಸಿ ತೆಗೆದರು. ಆಮೇಲೆ ಬಾಗಿಲು ಹಾಕಿ ಬಾ ಅಂದರು. ಹಾಕಿ ಬಂದೆ.

“ಆ ಡಾಕ್ಟರ ನಿನ್ನ ಬಾಯಿ ಹೆಂಗ ನೋಡ್ದ, ಹಂಗ ನಂದೂ ಜರಾ ನೋಡು,” ಅಂದರು. ಸೆರಗು ತೆಗೆದರು. ಬಿಸಿಲಿಗೆ ಮುಖ ಎತ್ತಿ ಕೆಳತುಟಿಯನ್ನು ಎರಡು ಬೆರಳಿನಿಂದ ಎಳೆದು ಹಿಡಿದರು.

ವಸಡೆಲ್ಲ ಕಾಡಿಗೆ ಬಳಿದ ಹಾಗೆ ಕಪ್ಪಾಗಿತ್ತು. ಹಳೆಯ ಕಪ್ಪಲ್ಲ. ಅವತ್ತು ಬೆಳಗಿನ ಮಿಶ್ರಿ ಇನ್ನೂ ಹಲ್ಲಿನ ಸಂದಿಯಲ್ಲಿತ್ತು. ಒಂದೇ ಮಾತಿಗೆ ಬಿಟ್ಟವರು, ಇಡೀ ಓಣಿಗೆ ಮಾದರಿಯಾದವರು, ಇಷ್ಟು ವರ್ಷ ದನದ ಕೊಟ್ಟಿಗೆಯಲ್ಲಿ ಕೂತು ಕದ್ದು ತಿಕ್ಕುತ್ತ ಬಂದಿದ್ದರು. ತುಟಿಯ ಒಳಗೆ ಬಿಳಿ ಗಾಯ, ಅದರ ನಡುವೆ ಕೆಂಪು.

ನನಗೆ ನಗು ಬರಲಿಲ್ಲ, ಸಿಟ್ಟೂ ಬರಲಿಲ್ಲ. ಅಂಜಿಕೆ ಬಂತು. “ಎಷ್ಟ ದಿನಾ ಆತ್ರಿ ಅತ್ತಿ?” ಅಂದೆ.

“ಉಗಾದಿ ಹಿಂದಮುಂದ. ನೀ ಅಜ್ಜಾರ ಮುಂದ ಹಂಗ ಒದರಿದಾಗಿಂದ ನಿದ್ದಿ ಇಲ್ಲ ನನಗ.” ಕಣ್ಣಲ್ಲಿ ನೀರು ಬಂತು. “ನಿಮ್ಮವ್ವನಂಗ ಆಗ್ತದೇನು ನಂದೂ?”

“ಗೊತ್ತಿಲ್ರಿ. ಗೊತ್ತ ಮಾಡ್ಕೊಳ್ಳೂಣು,” ಅಂದೆ.

“ನನ್ನ ಮಗನಿಗಿ ಹೇಳಬ್ಯಾಡ.”

“ನಾ ಹೇಳೂದಿಲ್ಲ. ನೀವ ಹೇಳ್ರಿ.”

ಆ ಸಂಜೆ ಅವರೇ ಹೇಳಿದರು. ಮಗ ಎದ್ದು ಹೋಗಿ ಮರುದಿನದ ಬಸ್ಸಿನ ಹೊತ್ತು ಕೇಳಿಕೊಂಡು ಬಂದರು. ಗುಲಬರ್ಗಾದಲ್ಲಿ ಪರೀಕ್ಷೆಯಾಯಿತು, ಗಾಯವನ್ನು ಕತ್ತರಿಸಿ ತೆಗೆದರು. ಕೆಟ್ಟದ್ದು ಶುರುವಾಗಿತ್ತು, ಆದರೆ ಬೇರು ಬಿಟ್ಟಿರಲಿಲ್ಲ, ಚಲೋ ಹೊತ್ತಿಗೆ ಬಂದಿರಿ ಅಂದರು ಡಾಕ್ಟರು. ಹೊಲಿಗೆ ಬಿಚ್ಚಿ ವಾಪಸು ಬರುವ ದಿನ ಅತ್ತೆ ಕಿಟಕಿಯ ಮಗ್ಗುಲಿಗೆ ಕೂತಿದ್ದರು. ಆಳಂದ ದಾಟಿದ ಮೇಲೆ ಶುರು ಮಾಡಿದರು: ನನ್ನ ಅಡಿಗೆ, ನನ್ನ ನೌಕರಿ, ನನ್ನ ಜಿದ್ದು, ಓಣಿಯೊಳಗೆ ಅವರ ಮಾನ ಕಳೆದದ್ದು. ಸೆರಗು ಹೆಗಲ ಮೇಲಿತ್ತು. ಕಂಡಕ್ಟರು ಹೊರಳಿ ನೋಡುವಷ್ಟು ಗಟ್ಟಿಯಾಗಿ, ಬಾಯಿ ತುಂಬ ತೆರೆದು ಬೈಯುತ್ತಿದ್ದರು. ನಾನು ಊರು ಬರುವ ತನಕ ಆ ಬಾಯನ್ನೇ ನೋಡುತ್ತ ಕೂತೆ.